ಬೆಟ್ಟಕ್ಕೆ ಬಂದವರು ಹತ್ತು ಗಂಟೆಗೇ ವಾಪಸ್: ಕಬ್ಬನ್ ಬಂಗಲೆ ಬಾಗಿಲು ತೆರೆದರೆ ನಂದಿ ಅಂಗಡಿಗೇನು ಲಾಭ?

ನಂದಿ (ಚಿಕ್ಕಬಳ್ಳಾಪುರ ತಾ.): ಶನಿವಾರ, ಭಾನುವಾರ ಬಂತೆಂದರೆ ಬೆಳಗಿನ ಜಾವದಲ್ಲೇ ಕಾರಹಳ್ಳಿ ಕ್ರಾಸ್‌ನಿಂದ ಬೆಟ್ಟದ ಬುಡದವರೆಗೆ ಕಾರು, ಬೈಕುಗಳ ಸಾಲು. ಗೇಟು ತೆಗೆಯುವುದೇ ತಡ, ಎಲ್ಲರೂ ಮೇಲಕ್ಕೆ. ಮಂಜು ನೋಡಿ, ಸೂರ್ಯೋದಯ ನೋಡಿ, ಟಿಪ್ಪು ಡ್ರಾಪ್ ಹತ್ತಿರ ನಾಲ್ಕು ಫೋಟೊ ತೆಗೆಸಿಕೊಂಡು, ಯೋಗನಂದೀಶ್ವರನಿಗೆ ಕೈಮುಗಿದು, ಒಂದು ಟೀ ಕುಡಿದು ಕೆಳಗಿಳಿಯುತ್ತಾರೆ. ಬಿಸಿಲು ಏರುವಷ್ಟರಲ್ಲಿ ಅರ್ಧಕ್ಕರ್ಧ ಗಾಡಿಗಳು ಮತ್ತೆ ಹೈವೇ ಸೇರಿ ಬೆಂಗಳೂರು ಕಡೆ ತಿರುಗಿರುತ್ತವೆ. ತಿಂಡಿಯ ದುಡ್ಡು ಹೈವೇ ಹೋಟೆಲ್‌ಗೆ, ಪೆಟ್ರೋಲ್ ದುಡ್ಡು ಹೈವೇ ಬಂಕ್‌ಗೆ. ಬೆಟ್ಟಕ್ಕೆ ಹೆಸರು ಕೊಟ್ಟ ನಂದಿ ಊರಿಗೆ ಸಿಕ್ಕಿದ್ದೇನು ಅಂತ ಕೇಳಿದರೆ, ಹೆಚ್ಚಿನ ಭಾನುವಾರಗಳಲ್ಲಿ ಉತ್ತರ ಒಂದೇ: ದೂಳು.

ಇದು ಹೊಸ ದೂರಲ್ಲ. ರೋಪ್‌ವೇ ಬರುತ್ತೆ, ಎಲ್ಲ ಸರಿಹೋಗುತ್ತೆ ಎಂಬ ಮಾತೂ ಹಳೆಯದೇ. ಆದರೆ ಈ ಚರ್ಚೆಯಲ್ಲಿ ಯಾರೂ ಗಟ್ಟಿಯಾಗಿ ಎತ್ತದ ಒಂದು ವಿಷಯ ಬೆಟ್ಟದ ತುದಿಯಲ್ಲೇ ಇದೆ. ಅದು ಬ್ರಿಟಿಷರ ಕಾಲದ ಹಳೇ ಬಂಗಲೆ. ಬಂದವರಲ್ಲಿ ಬಹುಪಾಲು ಜನ ಅದರ ಮುಂದೆಯೇ ನಡೆದು ಹೋಗುತ್ತಾರೆ. ಒಳಗೆ ಹೋದವರು ತೀರಾ ಕಡಿಮೆ. ಆ ಬಾಗಿಲು ಪ್ರವಾಸಿಗರಿಗೆ ತೆರೆದರೆ ಕೆಳಗಿನ ಊರಿನ ವ್ಯಾಪಾರಕ್ಕೆ ಏನಾಗುತ್ತದೆ? ಲೆಕ್ಕ ಹಾಕಿ ನೋಡಬೇಕಾದ ಪ್ರಶ್ನೆ ಇದು.

ಯಾರ ಮನೆ, ಯಾವ ಕಾಲದ್ದು?

ಇವತ್ತು ನೆಹರೂ ನಿಲಯ ಎಂದು ಬೋರ್ಡು ಹೊತ್ತಿರುವ ಕಟ್ಟಡ ಮೂಲದಲ್ಲಿ ಸರ್ ಮಾರ್ಕ್ ಕಬ್ಬನ್ ಅವರ ಬೇಸಿಗೆ ಮನೆ. ಬೆಂಗಳೂರಿನ ಕಬ್ಬನ್ ಪಾರ್ಕ್, ಕಬ್ಬನ್ ಪೇಟೆ, ಕಬ್ಬನ್ ರಸ್ತೆಗೆ ಹೆಸರು ಬಂದಿದ್ದು ಇದೇ ಮನುಷ್ಯನಿಂದ. 1831ರಲ್ಲಿ ಮೈಸೂರು ಸಂಸ್ಥಾನದ ಆಡಳಿತವನ್ನು ಬ್ರಿಟಿಷರು ತಮ್ಮ ಕೈಗೆ ತೆಗೆದುಕೊಂಡ ಮೇಲೆ, 1834ರಿಂದ 1861ರವರೆಗೆ ಕಬ್ಬನ್ ಕಮಿಷನರ್ ಆಗಿದ್ದರು. ಸಂಸ್ಥಾನದ ಲೆಕ್ಕಪತ್ರಗಳಲ್ಲಿ ಮರಾಠಿ ಹೋಗಿ ಕನ್ನಡ ಬಂದಿದ್ದು, ಊರೂರಿಗೆ ರಸ್ತೆ ಆಗಿದ್ದು, ಬೆಂಗಳೂರಿಗೆ ರೈಲು ಹಳಿಯ ಮಾತು ಶುರುವಾಗಿದ್ದು ಎಲ್ಲವೂ ಇವರ ಕಾಲದಲ್ಲಿ. ಬೇಸಿಗೆಯ ಸೆಖೆ ತಡೆಯಲಾರದೆ ಅವರು ಆರಿಸಿಕೊಂಡಿದ್ದು 1,478 ಮೀಟರ್ ಎತ್ತರದ ನಂದಿದುರ್ಗ. ಅವರಿಗೆ ಇಲ್ಲಿ ಮನೆ ಕಟ್ಟಿಸಿಕೊಟ್ಟವರು ಫ್ರಾನ್ಸಿಸ್ ಕನ್ನಿಂಗ್‌ಹ್ಯಾಮ್. ಭಾರತೀಯ ಪುರಾತತ್ವ ಇಲಾಖೆಯನ್ನು ಹುಟ್ಟುಹಾಕಿದ ಅಲೆಕ್ಸಾಂಡರ್ ಕನ್ನಿಂಗ್‌ಹ್ಯಾಮ್ ಅವರ ತಮ್ಮ ಇವರು. 1861ರಲ್ಲಿ ಕೆಲಸ ಬಿಟ್ಟು ಊರಿಗೆ ಹೊರಟ ಕಬ್ಬನ್ ದಾರಿಯಲ್ಲಿ ಸೂಯೆಜ್‌ನಲ್ಲೇ ತೀರಿಕೊಂಡರು. ಮನೆ ಮಾತ್ರ ಬೆಟ್ಟದ ಮೇಲೆ ಉಳಿಯಿತು.

ಕಥೆ ಅಲ್ಲಿಗೆ ಮುಗಿಯಲ್ಲ. 1927ರ ಮಾರ್ಚ್‌ನಲ್ಲಿ ಖಾದಿ ಪ್ರವಾಸದ ಮಧ್ಯೆ ಗಾಂಧೀಜಿ ಆರೋಗ್ಯ ಕೆಟ್ಟಿತು. ರಕ್ತದೊತ್ತಡ ಏರಿತ್ತು, ವೈದ್ಯರು ಕಡ್ಡಾಯ ವಿಶ್ರಾಂತಿ ಹೇಳಿದರು. ಏಪ್ರಿಲ್‌ನಲ್ಲಿ ನಂದಿಗೆ ಬಂದ ಗಾಂಧೀಜಿ ಜೂನ್ ಮೊದಲ ವಾರದವರೆಗೆ, ಸುಮಾರು ಒಂದೂವರೆ ತಿಂಗಳು ಇದೇ ಬೆಟ್ಟದ ಮೇಲಿದ್ದು ಚೇತರಿಸಿಕೊಂಡರು. 1936ರ ಮೇ ತಿಂಗಳಲ್ಲಿ ಮತ್ತೊಮ್ಮೆ ಬಂದು ಸುಮಾರು ಮೂರು ವಾರ ಇದ್ದರು. ಆಗ ಸರ್ದಾರ್ ಪಟೇಲರೂ ಜೊತೆಗಿದ್ದರು. ಸರ್ ಸಿ.ವಿ. ರಾಮನ್ ಬೆಂಗಳೂರಿನಿಂದ ಬೆಟ್ಟಕ್ಕೆ ಬಂದು ಗಾಂಧೀಜಿಯನ್ನು ಕಂಡಿದ್ದು ಆಗಲೇ. ಬೆಟ್ಟದ ಇನ್ನೊಂದು ಕಟ್ಟಡಕ್ಕೆ ಗಾಂಧಿ ನಿಲಯ ಎಂಬ ಹೆಸರು ಬಂದಿದ್ದು ಈ ವಾಸ್ತವ್ಯದ ನೆನಪಿಗೆ.

ಆಮೇಲೆ ಬಂದವರ ಪಟ್ಟಿಯೂ ಸಣ್ಣದಲ್ಲ. 1961ರಲ್ಲಿ ಬ್ರಿಟನ್ ರಾಣಿ ಎರಡನೇ ಎಲಿಜಬೆತ್ ಬಂದರು. 1986ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಸಾರ್ಕ್ ಶೃಂಗಸಭೆ ನಡೆದಾಗ ಏಳು ದೇಶಗಳ ನಾಯಕರು ಖಾಸಗಿಯಾಗಿ ಕೂತು ಮಾತಾಡಲು ನಂದಿಗೆ ಬಂದಿದ್ದರು. ರಾಜೀವ್ ಗಾಂಧಿ ಆತಿಥೇಯರು. ಪಾಕಿಸ್ತಾನದ ಪ್ರಧಾನಿ ಜುನೇಜೊ, ಶ್ರೀಲಂಕಾದ ಜಯವರ್ಧನೆ, ನೇಪಾಳದ ದೊರೆ ಬೀರೇಂದ್ರ ಎಲ್ಲರೂ ಇದ್ದರು. 2025ರ ಜುಲೈ 2ರಂದು ರಾಜ್ಯ ಸಚಿವ ಸಂಪುಟ ಸಭೆಯೂ ನಂದಿಯಲ್ಲೇ ನಡೆಯಿತು. ಬಾಗೇಪಲ್ಲಿಗೆ ಭಾಗ್ಯನಗರ ಎಂದು, ಬೆಂಗಳೂರು ಗ್ರಾಮಾಂತರಕ್ಕೆ ಬೆಂಗಳೂರು ಉತ್ತರ ಎಂದು ಹೆಸರಿಡುವ ತೀರ್ಮಾನ ಆಗಿದ್ದು ಆ ಸಭೆಯಲ್ಲೇ.

ಅಂದರೆ ಸುಮಾರು ಇನ್ನೂರು ವರ್ಷಗಳಿಂದ ಈ ಬೆಟ್ಟದ ಮೇಲೆ ಗಣ್ಯರಿಗೆ ಜಾಗ ಇದ್ದೇ ಇದೆ. ಟಿಕೆಟ್ ತಗೊಂಡು ಬಂದ ಸಾಮಾನ್ಯ ಪ್ರವಾಸಿಗೆ ಮಾತ್ರ ಬಂಗಲೆಯ ಹೊರಗೋಡೆ ಅಷ್ಟೇ. ಎರಡೂ ನಿಲಯಗಳು ಬಹುಕಾಲದಿಂದ ಅತಿಥಿಗೃಹಗಳಾಗಿಯೇ ಬಳಕೆಯಾಗಿವೆ. ರೂಮು ಸಿಕ್ಕವರಿಗೆ ಇತಿಹಾಸ ಕಾಣುತ್ತೆ, ಮಿಕ್ಕವರಿಗೆ ಕಾಂಪೌಂಡು ಕಾಣುತ್ತೆ.

ಬೆಳಗ್ಗೆ ನಂದಿ, ಸಂಜೆ ಆವಲಗುರ್ಕಿ, ಮಧ್ಯಾಹ್ನ?

ವ್ಯಾಪಾರದ ದೃಷ್ಟಿಯಿಂದ ನೋಡಿದರೆ ಚಿಕ್ಕಬಳ್ಳಾಪುರ ತಾಲ್ಲೂಕಿನ ಪ್ರವಾಸೋದ್ಯಮಕ್ಕೆ ಈಗ ಎರಡು ತುದಿ ಇವೆ. ಒಂದು ಬೆಳಗ್ಗೆ, ಇನ್ನೊಂದು ಸಂಜೆ.

ಬೆಳಗಿನ ತುದಿ ನಂದಿ ಬೆಟ್ಟ. ಸಂಜೆಯ ತುದಿ 2023ರ ಜನವರಿ 15ರಂದು ಅನಾವರಣಗೊಂಡ ಆವಲಗುರ್ಕಿಯ 112 ಅಡಿ ಆದಿಯೋಗಿ ಮೂರ್ತಿ. ಕತ್ತಲಾದ ಮೇಲಿನ ಬೆಳಕಿನ ಪ್ರದರ್ಶನ ನೋಡಲೆಂದೇ ಅಲ್ಲಿಗೆ ಜನ ಬರುತ್ತಾರೆ. ಎರಡೂ ಒಂದೇ ತಾಲ್ಲೂಕಿನಲ್ಲಿವೆ. ಆದರೆ ಬೆಳಗ್ಗೆ ಬಂದವರು ಸಂಜೆವರೆಗೆ ಉಳಿಯಲ್ಲ, ಸಂಜೆ ಬರುವವರು ಬೆಳಗ್ಗೆ ಬಂದಿರಲ್ಲ. ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗಿನ ಆರು ತಾಸು ಖಾಲಿ. ಹೋಟೆಲ್ ಊಟ, ಹಣ್ಣಿನ ವ್ಯಾಪಾರ, ಆಟೊ ಬಾಡಿಗೆ ನಡೆಯಬೇಕಾದ ಹೊತ್ತೇ ಅದು.

ಸೂರ್ಯೋದಯಕ್ಕೆ ಒಂದು ಗುಣ ಇದೆ: ಅದು ಬೇಗ ಮುಗಿಯುತ್ತೆ. ನೋಡಿದ ಮೇಲೆ ಅಲ್ಲಿರಲು ಕಾರಣ ಇಲ್ಲ. ಹಳೇ ಮನೆ ಹಾಗಲ್ಲ. ಹನ್ನೊಂದಕ್ಕೆ ಬಂದರೂ ಅಷ್ಟೇ ಚೆಂದ, ಮೂರಕ್ಕೆ ಬಂದರೂ ಅಷ್ಟೇ. ಬಿಸಿಲಿಗೂ ಮಳೆಗೂ ನೆರಳಿರುತ್ತೆ. ವಯಸ್ಸಾದವರು ಕೂರಬಹುದು, ಮಕ್ಕಳಿಗೆ ತೋರಿಸಿ ಕಥೆ ಹೇಳಬಹುದು. ಒಂದು ಮನೆ ಸರಿಯಾಗಿ ನೋಡಲು ಮುಕ್ಕಾಲು ಗಂಟೆ ಬೇಕು. ಅಂಥ ಎರಡು ಜಾಗ ನೋಡುವಷ್ಟರಲ್ಲಿ ಹೊಟ್ಟೆ ಹಸಿಯುತ್ತೆ. ಪ್ರವಾಸಿಗೆ ಹಸಿವಾದ ಜಾಗದಲ್ಲೇ ಊರಿನ ವ್ಯಾಪಾರ ಶುರುವಾಗೋದು.

ಒಂದು ಸಣ್ಣ ಲೆಕ್ಕ. ಇದು ಸಮೀಕ್ಷೆಯ ಅಂಕಿ ಅಲ್ಲ, ಅಂದಾಜಿಗೆ ಹಾಕಿಕೊಂಡ ಲೆಕ್ಕ. ಒಂದು ಭಾನುವಾರ ಬೆಟ್ಟಕ್ಕೆ ಬಂದವರಲ್ಲಿ 500 ಜನ ಮಧ್ಯಾಹ್ನದವರೆಗೆ ಈ ಕಡೆಯೇ ಉಳಿದರು ಅಂದ್ಕೊಳ್ಳಿ. ಊಟ, ಎಳನೀರು, ಹಣ್ಣು, ಆಟೊ ಎಲ್ಲ ಸೇರಿ ತಲೆಗೆ 200 ರೂಪಾಯಿ ಖರ್ಚು ಮಾಡಿದರೆ ಒಂದು ದಿನಕ್ಕೆ 1 ಲಕ್ಷ. ವರ್ಷದ 52 ಭಾನುವಾರಕ್ಕೆ 52 ಲಕ್ಷ. ಶನಿವಾರ, ಹಬ್ಬ, ಬೇಸಿಗೆ ರಜೆ ಸೇರಿಸಿಯೇ ಇಲ್ಲ. ಈ ದುಡ್ಡು ಒಂದೇ ದೊಡ್ಡ ಹೋಟೆಲ್‌ಗೆ ಹೋಗೋದಲ್ಲ. ಮುದ್ದೆ-ಬಸ್ಸಾರು ಮಾಡುವ ಸಣ್ಣ ಮೆಸ್, ಸೀಬೆಹಣ್ಣಿನ ಬುಟ್ಟಿ, ಜೋಳ ಸುಡುವ ತಳ್ಳುಗಾಡಿ, ಶೇರ್ ಆಟೊ ಇಷ್ಟೂ ಕಡೆ ಹಂಚಿಹೋಗುವ ದುಡ್ಡು.

ಬುಡದಲ್ಲೇ ಇದೆ ಒಂದು ಉದಾಹರಣೆ

ಬಾಗಿಲು ತೆರೆದ ಮನೆ ಹೇಗಿರುತ್ತೆ ಅಂತ ನೋಡಲು ದೂರ ಹೋಗಬೇಕಿಲ್ಲ. ಚಿಕ್ಕಬಳ್ಳಾಪುರದಿಂದ ಸುಮಾರು 7 ಕಿ.ಮೀ. ದೂರದಲ್ಲಿ ಮುದ್ದೇನಹಳ್ಳಿ ಇದೆ. ಸರ್ ಎಂ. ವಿಶ್ವೇಶ್ವರಯ್ಯ ಅವರ ಮನೆ ಅಲ್ಲಿ ಸ್ಮಾರಕವಾಗಿ ಉಳಿದಿದೆ. ನೋಡಿಕೊಳ್ಳುತ್ತಿರುವುದು ವಿಶ್ವೇಶ್ವರಯ್ಯ ರಾಷ್ಟ್ರೀಯ ಸ್ಮಾರಕ ಟ್ರಸ್ಟ್. ಪಕ್ಕದಲ್ಲೇ ಸಮಾಧಿ.

ಒಳಗೆ ಹೋದ ಪ್ರವಾಸಿಗೆ ಕಾಣುವುದು ದೊಡ್ಡ ಅರಮನೆಯ ವೈಭವ ಅಲ್ಲ. ಓದುವ ಮೇಜು, ಪುಸ್ತಕಗಳು, ಬಳಸಿದ ಪಾತ್ರೆ ಪಡಗ, ಬಿರುದು ಪದಕಗಳು, ಕನ್ನಂಬಾಡಿ ಕಟ್ಟೆಯ ಮತ್ತು ಬೃಂದಾವನದ ಮಾದರಿಗಳು. ಅಷ್ಟೇ. ಆದರೆ ಜನ ಮೆತ್ತಗೆ ಮಾತಾಡುತ್ತಾ ನೋಡುತ್ತಾರೆ. ಸ್ಥಳೀಯರಿಗಂತೂ ಅದು ದೇವಸ್ಥಾನಕ್ಕೆ ಸಮ. ಸೆಪ್ಟೆಂಬರ್ 15ರ ಎಂಜಿನಿಯರ್‌ಗಳ ದಿನ ಬಂದರೆ ಮುದ್ದೇನಹಳ್ಳಿ ಹೆಸರು ರಾಜ್ಯದ ಎಲ್ಲ ಪತ್ರಿಕೆಗಳಲ್ಲಿ ಬರುತ್ತೆ. ಮನೆ ದೊಡ್ಡದಿರಬೇಕಿಲ್ಲ, ವಸ್ತು ಬೆಲೆಬಾಳುವಂಥದ್ದೇ ಆಗಬೇಕಿಲ್ಲ. ಇಲ್ಲಿ ಬದುಕಿದವರು ಯಾರು ಅನ್ನುವುದು ಗೊತ್ತಾದರೆ ಸಾಕು ಎಂಬುದಕ್ಕೆ ಈ ಮನೆಯೇ ಸಾಕ್ಷಿ.

ತೊಡಕಿರುವುದು ಬೇರೆ ಕಡೆ. ಬೆಟ್ಟದಿಂದ ಇಳಿದ ಬೆಂಗಳೂರಿನ ಕಾರಿಗೆ ಮುದ್ದೇನಹಳ್ಳಿ ಇಷ್ಟು ಹತ್ತಿರ ಇದೆ ಎಂದು ಹೇಳುವವರಿಲ್ಲ. ನಂದಿ ಊರೊಳಗಿನ ಭೋಗನಂದೀಶ್ವರ ದೇವಸ್ಥಾನದ್ದೂ ಅದೇ ಕಥೆ. ಒಂಬತ್ತನೇ ಶತಮಾನದಷ್ಟು ಹಳೆಯ, ಕಲ್ಯಾಣಿ, ಕಲ್ಯಾಣಮಂಟಪ ಇರುವ, ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ದೇವಾಲಯ ಅದು. ಕಾರಹಳ್ಳಿ ಕ್ರಾಸ್ ಮೂಲಕ ಹತ್ತಿ ಅದೇ ದಾರಿಯಲ್ಲಿ ಇಳಿಯುವ ಪ್ರವಾಸಿ ನಂದಿ ಊರನ್ನು ನೋಡದೆಯೇ 'ನಂದಿ ನೋಡಿದೆ' ಅಂತ ಹೇಳಿಕೊಂಡು ಹೋಗುತ್ತಾನೆ.

ಮೇಲಿನ ಬಂಗಲೆ ತೆರೆದರೆ ಈ ಎಲ್ಲ ಕೊಂಡಿಗಳು ಸೇರುವ ದಾರಿ ಸಿಗುತ್ತದೆ. ಸಾವಿರಾರು ಜನ ಹೇಗೂ ಮೇಲೆ ಬಂದೇ ಬರುತ್ತಾರೆ. ಅಲ್ಲಿ ಒಂದು ಮನೆಯೊಳಗೆ ಕೂರಿಸಿ, ಗೋಡೆಯ ಮೇಲೆ ಒಂದು ನಕ್ಷೆ ಹಾಕಿ, ಕೆಳಗೆ ಭೋಗನಂದೀಶ್ವರ, ಆಚೆ ಮುದ್ದೇನಹಳ್ಳಿ, ಸ್ವಲ್ಪ ಮುಂದೆ ರಂಗಸ್ಥಳ, ಸಂಜೆಗೆ ಆವಲಗುರ್ಕಿ ಎಂದು ತೋರಿಸಿದರೆ ಅದಕ್ಕಿಂತ ಒಳ್ಳೆ ಜಾಹೀರಾತು ಬೇರೆ ಬೇಕೆ? ಗಾಂಧೀಜಿ ಕಥೆ ಕೇಳಿ ಆಸಕ್ತಿ ಹುಟ್ಟಿದವರನ್ನು ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥಕ್ಕೂ ಕಳಿಸಬಹುದು. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ ಜಾಗ ಅದು. ಗಾಂಧೀಜಿ ಎರಡನೇ ಸಲ ನಂದಿಯಿಂದ ಹೋಗಿ ಎರಡು ವರ್ಷಕ್ಕೆ ನಡೆದ ಘಟನೆ. ಎರಡನ್ನೂ ಒಟ್ಟಿಗೆ ಹೇಳಿದರೆ ಜಿಲ್ಲೆಯ ಸ್ವಾತಂತ್ರ್ಯ ಹೋರಾಟದ ಕಥೆಗೆ ಒಂದು ಸರಣಿ ಸಿಗುತ್ತದೆ.

ಮಡಿಕೇರಿ, ಕುಪ್ಪಳಿ ಮಾಡಿದ್ದೇನು?

ಸರ್ಕಾರಿ ಬಳಕೆಯಲ್ಲಿದ್ದ ಹಳೇ ಮನೆಯನ್ನು ಪ್ರವಾಸಿಗರಿಗೆ ಬಿಟ್ಟುಕೊಡುವುದು ಆಗದ ಮಾತು ಅನ್ನುವವರು ಮಡಿಕೇರಿಯ 'ಸನ್ನಿ ಸೈಡ್' ನೋಡಿ ಬರಬೇಕು. ಜನರಲ್ ಕೆ.ಎಸ್. ತಿಮ್ಮಯ್ಯ ಅವರ ಬಾಲ್ಯದ ಮನೆ ಅದು. ಬಹಳ ವರ್ಷ ಅಲ್ಲಿ ಇದ್ದದ್ದು ಆರ್‌ಟಿಒ ಕಚೇರಿ. ಸೇನಾ ದಂಡನಾಯಕ ಓಡಾಡಿದ ಕೋಣೆಗಳಲ್ಲಿ ಜನ ಡ್ರೈವಿಂಗ್ ಲೈಸೆನ್ಸ್‌ಗೆ ಕ್ಯೂ ನಿಲ್ಲುತ್ತಿದ್ದರು. ಕಚೇರಿಯನ್ನು ಬೇರೆಡೆಗೆ ಕಳಿಸಿ, ಮನೆಯನ್ನು ದುರಸ್ತಿ ಮಾಡಿ, ಮ್ಯೂಸಿಯಂ ಮಾಡಿ, 2021ರ ಫೆಬ್ರವರಿ 6ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರಿಂದ ಉದ್ಘಾಟನೆ ಮಾಡಿಸಲಾಯಿತು. ಈಗ ರಾಜಾಸೀಟ್, ಅಬ್ಬಿ ಜಲಪಾತ ಎಂದು ಹೊರಟವರು ಅಲ್ಲೂ ಒಂದು ತಾಸು ನಿಲ್ಲುತ್ತಾರೆ. ಮಡಿಕೇರಿಗೂ ನಂದಿಯಂತೆಯೇ ಮಂಜು ಇದೆ, ನೋಟ ಇದೆ. ಆದರೆ ಮಳೆ ಹಿಡಿದ ದಿನ ಪ್ರವಾಸಿಗೆ ಹೋಗಲು ಒಂದು ಮನೆಯೂ ಇದೆ.

ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿ ಇನ್ನೊಂದು ಬಗೆ. ಕುವೆಂಪು ಅವರ ಮನೆತನದ ಮನೆಯನ್ನು ಸರಿಪಡಿಸಿ 'ಕವಿಮನೆ' ಮಾಡಿದ ಮೇಲೆ, ಕಾಡಿನ ನಡುವಿನ ಆ ಊರು ಶಾಲಾ ಪ್ರವಾಸದ ಬಸ್ಸುಗಳ ಖಾಯಂ ನಿಲ್ದಾಣ ಆಯಿತು. ಆದರೆ ಕುಪ್ಪಳಿ ಒಂದು ಎಚ್ಚರಿಕೆಯನ್ನೂ ಕೊಟ್ಟಿದೆ. 2015ರ ನವೆಂಬರ್‌ನಲ್ಲಿ ಕವಿಮನೆಗೆ ಕಳ್ಳರು ನುಗ್ಗಿ ಕುವೆಂಪು ಅವರ ಪದ್ಮ ಪ್ರಶಸ್ತಿಯ ಪದಕಗಳನ್ನು ಕದ್ದೊಯ್ದರು. ಮನೆ ತೆರೆಯುವುದು ಅಂದರೆ ಬೀಗ ತೆಗೆಯುವುದಷ್ಟೇ ಅಲ್ಲ. ರಾತ್ರಿ ಕಾವಲುಗಾರ, ಕ್ಯಾಮೆರಾ, ವಸ್ತುಗಳ ಪಟ್ಟಿ, ಹೊಣೆ ಹೊರುವ ಒಬ್ಬ ಅಧಿಕಾರಿ ಇಷ್ಟೂ ಬೇಕು. ಇದನ್ನು ಮೊದಲೇ ಬರೆದಿಡದಿದ್ದರೆ ಉದ್ಘಾಟನೆಯ ಟೇಪು ಕತ್ತರಿಸಿದ ಮರುವರ್ಷವೇ ಮತ್ತೆ ಬಾಗಿಲು ಬೀಳುತ್ತದೆ.

'ಬ್ರಿಟಿಷರ ಮನೆ ನಮಗ್ಯಾಕೆ?'

ಈ ಪ್ರಶ್ನೆ ಬಂದೇ ಬರುತ್ತೆ, ಬರಬೇಕು ಕೂಡ. ನಂದಿದುರ್ಗ ಬ್ರಿಟಿಷರಿಗೆ ಯಾರೋ ದಾನ ಕೊಟ್ಟ ಜಾಗ ಅಲ್ಲ. ಟಿಪ್ಪು ಸುಲ್ತಾನನ ಕಾಲದಲ್ಲಿ ಮುತ್ತಿಗೆ ಹಾಕಿ, ಕೋಟೆ ಗೋಡೆಗೆ ಫಿರಂಗಿ ಹೊಡೆದು, 1791ರ ಅಕ್ಟೋಬರ್ 19ರ ರಾತ್ರಿ ಕಾರ್ನ್‌ವಾಲಿಸ್‌ನ ಸೇನೆ ಹತ್ತಿ ಹಿಡಿದ ಕೋಟೆ ಇದು. ಕಾದು ಸತ್ತವರ ಜಾಗದಲ್ಲೇ ನಂತರ ಸಾಹೇಬರ ಬೇಸಿಗೆ ಮನೆ ಎದ್ದಿತು. ಸಾಹೇಬರು, ಅವರ ಸಾಮಾನು, ಅವರ ನೀರು ಎಲ್ಲವನ್ನೂ ಬೆಟ್ಟ ಹತ್ತಿಸಿದ್ದು ಕೆಳಗಿನ ಹಳ್ಳಿಗಳ ಹೆಗಲುಗಳೇ.

ಅದಕ್ಕೇ ಈ ಮನೆಯನ್ನು ಕಬ್ಬನ್ ಸಾಹೇಬರ ಹೊಗಳಿಕೆಗೆ ಮೀಸಲಿಡುವ ಅಗತ್ಯ ಇಲ್ಲ. ಒಂದು ಕೋಣೆಯಲ್ಲಿ 1791ರ ಮುತ್ತಿಗೆಯ ಕಥೆ ಇರಲಿ, ಒಂದರಲ್ಲಿ ಕಮಿಷನರ್ ಆಡಳಿತದ ಒಳಿತು ಕೆಡುಕು ಎರಡೂ ಇರಲಿ, ಒಂದರಲ್ಲಿ ಗಾಂಧೀಜಿಯ ಎರಡು ವಾಸ್ತವ್ಯ, ಇನ್ನೊಂದರಲ್ಲಿ ಬೆಟ್ಟ ಹತ್ತಿಸಿದವರ, ತೋಟ ಬೆಳೆಸಿದವರ ಕಥೆ ಇರಲಿ. ಆಳಿದವನು ಕಟ್ಟಿಸಿದ ಬೆಟ್ಟದ ಮೇಲೆಯೇ ಆಳ್ವಿಕೆ ವಿರುದ್ಧ ನಿಂತವನು ಬಂದು ಉಸಿರು ಎಳೆದುಕೊಂಡ ಅನ್ನುವುದಕ್ಕಿಂತ ಚೆನ್ನಾದ ಪಾಠ ಶಾಲಾ ಮಕ್ಕಳಿಗೆ ಬೇರೆ ಎಲ್ಲಿ ಸಿಗುತ್ತೆ? ಬಾಗಿಲು ಮುಚ್ಚಿಟ್ಟರೆ ಬ್ರಿಟಿಷರಿಗೆ ನಷ್ಟ ಇಲ್ಲ, ನಷ್ಟ ಇಲ್ಲಿನವರಿಗೆ.

ರಿಪೇರಿ ಬೇರೆ, ಜೀರ್ಣೋದ್ಧಾರ ಬೇರೆ

ಹಳೇ ಕಟ್ಟಡ ಸರಿಮಾಡುವುದು ಅಂದಾಕ್ಷಣ ಸಿಮೆಂಟು, ಹೊಳೆಯುವ ಟೈಲ್ಸು, ಪಿಒಪಿ ಸೀಲಿಂಗು ನೆನಪಿಗೆ ಬರುತ್ತವೆ. ಕಾಮಗಾರಿ ಬೇಗ ಮುಗಿಯುತ್ತೆ, ಫೋಟೊದಲ್ಲಿ ಚೆನ್ನಾಗಿ ಕಾಣುತ್ತೆ. ಆದರೆ ಆ ಕಾಲದ ಬಂಗಲೆಗಳು ಸುಣ್ಣದ ಗಾರೆಯ ದಪ್ಪ ಗೋಡೆಯವು. ಸುಣ್ಣದ ಗೋಡೆ ತೇವ ಹೀರಿಕೊಂಡು ಬಿಸಿಲಿಗೆ ಮತ್ತೆ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಗೋಡೆ ಉಬ್ಬಿ ಸಿಪ್ಪೆ ಏಳುತ್ತದೆ. ವರ್ಷದ ಬಹುಭಾಗ ಮಂಜು ಮುಸುಕುವ ನಂದಿಯಂಥ ಜಾಗದಲ್ಲಿ ಇದು ಇನ್ನೂ ಬೇಗ. ಎರಡು ಮಳೆಗಾಲಕ್ಕೆ ಬಣ್ಣ ಕಿತ್ತು ಬಂದು ಮತ್ತೆ ಟೆಂಡರ್ ಕರೆಯುವ ಹೊಸ ಕಟ್ಟಡಗಳನ್ನು ತಾಲ್ಲೂಕಿನ ಜನ ಸಾಕಷ್ಟು ನೋಡಿದ್ದಾರೆ.

ಹಾಗಾಗಿ ಕೆಲಸ ಶುರುವಾಗುವುದಾದರೆ ಮೊದಲು ಕೇಳಬೇಕಾದ್ದು ಎಷ್ಟು ಕೋಟಿ ಅಂತಲ್ಲ, ಯಾವ ಗಾರೆ ಅಂತ. ಸುಣ್ಣದ ಕೆಲಸ ಗೊತ್ತಿರುವ ಗಾರೆಯವರು, ಹಳೇ ಮರದ ಕಿಟಕಿ ಬಾಗಿಲು ಸರಿಮಾಡುವ ಬಡಗಿಗಳು ಬೇಕಾಗುತ್ತಾರೆ. ಆ ಕೆಲಸ ಸ್ಥಳೀಯರಿಗೆ ಕಲಿಸಿ ಕೊಟ್ಟರೆ ಒಂದಷ್ಟು ಯುವಕರಿಗೆ ಬದುಕಿನ ಕಸುಬೂ ಆಗುತ್ತೆ. ದುಡ್ಡಿನ ದಾರಿಯೂ ಪೂರ್ತಿ ಮುಚ್ಚಿಲ್ಲ. ಸ್ಮಾರಕಗಳನ್ನು ಕಂಪನಿಗಳು, ಸಂಸ್ಥೆಗಳು ದತ್ತು ಪಡೆಯಲು ರಾಜ್ಯ ಸರ್ಕಾರದ 'ನಮ್ಮ ಸ್ಮಾರಕ' ಯೋಜನೆ ಇದೆ. ದೇವನಹಳ್ಳಿ ವಿಮಾನ ನಿಲ್ದಾಣದ ಸುತ್ತ ಇರುವ ದೊಡ್ಡ ದೊಡ್ಡ ಕಂಪನಿಗಳ ಕಿಟಕಿಯಿಂದ ದಿನಾ ಕಾಣುವ ಬೆಟ್ಟ ಇದು.

ಈಗಲೇ ಯಾಕೆ?

ಕಾರಣ ಮೂರು.

ಮೊದಲನೆಯದು ರೋಪ್‌ವೇ. 2.93 ಕಿ.ಮೀ. ಉದ್ದದ, 93.40 ಕೋಟಿ ರೂಪಾಯಿ ಅಂದಾಜಿನ ಯೋಜನೆಗೆ 2023ರ ಮಾರ್ಚ್ 27ರಂದು ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಅಡಿಗಲ್ಲು ಹಾಕಿದರು. ಅದು ಸರ್ಕಾರಿ-ಖಾಸಗಿ ಸಹಭಾಗಿತ್ವದ ಯೋಜನೆ. ಅದು ಓಡಲು ಶುರುವಾದ ದಿನ ಪ್ರವಾಸದ ರೀತಿಯೇ ಬದಲಾಗುತ್ತದೆ. ಸ್ವಂತ ಗಾಡಿ ಬುಡದಲ್ಲಿ ನಿಲ್ಲುತ್ತೆ, ಜನ ದಿನವಿಡೀ ಸರದಿಯಲ್ಲಿ ಮೇಲೆ ಹೋಗಿ ಬರುತ್ತಾರೆ. ಬುಡದ ನಿಲ್ದಾಣದಲ್ಲೇ ಫುಡ್ ಕೋರ್ಟ್, ಅಂಗಡಿ ಮಳಿಗೆ ಎದ್ದರೆ ಊರಿನ ಅಂಗಡಿಯವರಿಗೆ ಉಳಿಯುವುದೇನು? ಮೇಲೆ ಏನು ನೋಡಬೇಕು, ಕೆಳಗೆ ಇನ್ನೆಲ್ಲಿಗೆ ಹೋಗಬೇಕು ಅನ್ನುವುದು ಆ ದಿನಕ್ಕೆ ಮೊದಲೇ ತೀರ್ಮಾನ ಆಗಬೇಕು. ಆಮೇಲೆ ಕೇಳಿದರೆ ಪ್ರಯೋಜನ ಕಡಿಮೆ.

ಎರಡನೆಯದು ರೈಲು. 1915ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲೇ, ಬೆಂಗಳೂರು-ಚಿಕ್ಕಬಳ್ಳಾಪುರ ಲಘು ರೈಲು ಶುರುವಾಯಿತು. ಆ ದಾರಿಯ ನಂದಿ ಹಾಲ್ಟ್ ನಿಲ್ದಾಣಕ್ಕೆ 2023ರ ಡಿಸೆಂಬರ್‌ನಿಂದ ಎಲೆಕ್ಟ್ರಿಕ್ ಮೆಮು ರೈಲು ಬರುತ್ತಿದೆ. ಅಲ್ಲಿಂದ ಭೋಗನಂದೀಶ್ವರ ದೇವಸ್ಥಾನ ನಡೆದು ಹೋಗುವಷ್ಟು ಹತ್ತಿರ. ರೈಲಿನಲ್ಲಿ ಬರುವ ಪ್ರವಾಸಿ ಊರೊಳಗೇ ಇಳಿಯುತ್ತಾನೆ. ಕಾರಿನವನ ಹಾಗೆ ಹೈವೇಯಿಂದಲೇ ಹಿಂದಿರುಗುವುದಿಲ್ಲ. ಸ್ಟೇಷನ್, ದೇವಸ್ಥಾನ, ಬೆಟ್ಟದ ಬುಡ, ಮುದ್ದೇನಹಳ್ಳಿ ಸುತ್ತಿಬರುವ ಒಂದು ಬಸ್ಸು ಇದ್ದರೆ ಸಾಕು.

ಮೂರನೆಯದು ರಸ್ತೆ. 2021ರ ಆಗಸ್ಟ್‌ನಲ್ಲಿ ಸುರಿದ ಮಳೆಗೆ ಗುಡ್ಡ ಕುಸಿದು ಬೆಟ್ಟದ ರಸ್ತೆಯೇ ಕೊಚ್ಚಿಹೋಯಿತು. ಮತ್ತೆ ಪ್ರವಾಸಿಗರಿಗೆ ತೆರೆದಿದ್ದು ಡಿಸೆಂಬರ್‌ಗೆ. 2025ರ ಮಾರ್ಚ್ 24ರಿಂದ ಏಪ್ರಿಲ್ 25ರವರೆಗೆ ರಸ್ತೆ ಕಾಮಗಾರಿಗಾಗಿ ವಾರದ ದಿನಗಳಲ್ಲಿ ಬೆಟ್ಟ ಬಂದ್. ಪ್ರತಿ ಸಲವೂ ಬುಡದ ಅಂಗಡಿಗಳ ಗಲ್ಲಾಪೆಟ್ಟಿಗೆ ಖಾಲಿ. ಒಂದೇ ರಸ್ತೆ, ಒಂದೇ ನೋಟ, ಒಂದೇ ಹೊತ್ತಿನ ಮೇಲೆ ನಿಂತ ವ್ಯಾಪಾರ ಎಷ್ಟು ನಾಜೂಕು ಅನ್ನುವುದನ್ನು ಆ ತಿಂಗಳುಗಳು ತೋರಿಸಿಕೊಟ್ಟಿವೆ. ಬೆಟ್ಟ ಮುಚ್ಚಿದ ದಿನವೂ ಪ್ರವಾಸಿ ಬರುವಂತಾಗಬೇಕಾದರೆ ಭೋಗನಂದೀಶ್ವರ, ಮುದ್ದೇನಹಳ್ಳಿಯ ಹೆಸರು ಅವನ ಕಿವಿಗೆ ಮೊದಲೇ ಬಿದ್ದಿರಬೇಕು.

ಅಡ್ಡಿಗಳೂ ಇವೆ

ರೂಮು ಬಾಡಿಗೆ ಬರುತ್ತಿರುವಾಗ ಬಂಗಲೆಯನ್ನು ಯಾಕೆ ಬಿಡಬೇಕು ಎಂಬ ವಾದ ತಳ್ಳಿಹಾಕುವಂಥದ್ದಲ್ಲ. ಬೆಟ್ಟದ ಮೇಲೆ ಉಳಿಯುವವರು ಖರ್ಚು ಮಾಡುವವರೇ. ಆದರೆ ಇರುವುದು ಒಂದೇ ಕಟ್ಟಡ ಅಲ್ಲ. ತಂಗಲು ಬೇರೆ ಕೊಠಡಿಗಳಿರುವಾಗ, ಇತಿಹಾಸ ಇರುವ ಒಂದು ಮನೆಯನ್ನು ನೋಡಲು ಬಿಡುವುದರಿಂದ ದೊಡ್ಡ ಕೊರತೆ ಆಗಲ್ಲ. ಪೂರ್ತಿ ಬಿಡಲು ಆಗದಿದ್ದರೆ ಗಾಂಧೀಜಿ ನೆನಪಿನ ಒಂದೆರಡು ಕೋಣೆ ಮತ್ತು ವರಾಂಡವನ್ನು ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ತೆರೆದು ನೋಡಬಹುದು. ಒಂದು ವರ್ಷ ನಡೆಸಿ ಟಿಕೆಟ್ ಲೆಕ್ಕ ತೆಗೆದರೆ ವಾದಕ್ಕೆ ಉತ್ತರ ತಾನಾಗಿ ಸಿಗುತ್ತೆ.

ಇನ್ನೊಂದು ಅಡ್ಡಿ ಇಲಾಖೆಗಳದ್ದು. ತೋಟಗಾರಿಕೆ, ಪ್ರವಾಸೋದ್ಯಮ, ಅರಣ್ಯ, ಪುರಾತತ್ವ, ಲೋಕೋಪಯೋಗಿ ಹೀಗೆ ಬೆಟ್ಟ ಒಂದೇ ಆದರೂ ಫೈಲುಗಳು ಹಲವು. ಇವನ್ನೆಲ್ಲ ಒಂದೇ ಮೇಜಿನ ಸುತ್ತ ಕೂರಿಸುವ ಕೆಲಸ ಜಿಲ್ಲಾಡಳಿತದ್ದು. ಸಂಪುಟ ಸಭೆಗೇ ಬೆಟ್ಟ ಸಜ್ಜಾಗಬಲ್ಲದು ಅಂದಮೇಲೆ ಒಂದು ಮನೆಗೆ ಸಜ್ಜಾಗುವುದು ಅಸಾಧ್ಯ ಅನ್ನಲಾಗದು.

ಮೂರನೆಯದು ಜನದಟ್ಟಣೆ ಮತ್ತು ಕಸ. ಇನ್ನೂ ಹೆಚ್ಚು ಜನ ಬಂದರೆ ಬೆಟ್ಟ ತಡೆಯುತ್ತಾ ಎಂಬ ಪರಿಸರವಾದಿಗಳ ಆತಂಕ ಸರಿಯಾದದ್ದೇ. ಆದರೆ ಇಲ್ಲಿ ಕೇಳುತ್ತಿರುವುದು ಹೆಚ್ಚು ಜನರನ್ನಲ್ಲ, ಬಂದವರ ಹೆಚ್ಚು ಹೊತ್ತನ್ನು. ಎಲ್ಲರೂ ಐದೂವರೆಗೇ ಮುಗಿಬೀಳುವ ಬದಲು ಕೆಲವರಾದರೂ ಹನ್ನೊಂದಕ್ಕೆ ಬಂದರೆ ಘಾಟಿಯ ಟ್ರಾಫಿಕ್ಕೂ ಹಗುರ.

ಊರಿನವರು ಮಾಡಬಹುದಾದ್ದು

ಎಲ್ಲವನ್ನೂ ಸರ್ಕಾರದ ಮೇಲೆ ಹಾಕಿ ಕೂರುವಂತಿಲ್ಲ. ನಂದಿ ಮತ್ತು ಸುತ್ತಲಿನ ಗ್ರಾಮ ಪಂಚಾಯಿತಿಗಳು ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ ಜಿಲ್ಲಾಧಿಕಾರಿಗೆ ಕಳಿಸಬಹುದು. ವರ್ತಕರು ಒಟ್ಟಾಗಿ ಒಂದು ಮನವಿ ಕೊಡಬಹುದು. ಶುದ್ಧ ಶೌಚಾಲಯ, ಕುಡಿಯುವ ನೀರು, ಪಾರ್ಕಿಂಗ್ ಇಲ್ಲದ ಊರಲ್ಲಿ ಕುಟುಂಬ ಸಮೇತ ಬಂದವರು ಹತ್ತು ನಿಮಿಷ ನಿಲ್ಲಲ್ಲ. ಇದನ್ನು ಪಂಚಾಯಿತಿಯೇ ಸರಿಮಾಡಬಹುದು. ಚಿಕ್ಕಬಳ್ಳಾಪುರದ ಕಾಲೇಜುಗಳಲ್ಲಿ ಇತಿಹಾಸ ಓದುವ ಹುಡುಗ ಹುಡುಗಿಯರಿಗೆ ಗೈಡ್ ತರಬೇತಿ ಕೊಟ್ಟರೆ ವಾರಾಂತ್ಯದ ಸಂಪಾದನೆ ಆಗುತ್ತೆ.

ಮಾರುವ ಸರಕಿನ ಬಗ್ಗೆಯೂ ಯೋಚಿಸಬೇಕು. ಚಿಪ್ಸ್ ಪ್ಯಾಕೆಟ್, ಮ್ಯಾಗಿ ಬೆಂಗಳೂರಿನ ಗಲ್ಲಿ ಗಲ್ಲಿಯಲ್ಲೂ ಸಿಗುತ್ತೆ. ಈ ಸೀಮೆಯ ದ್ರಾಕ್ಷಿ, ಸೀಬೆ, ಗುಲಾಬಿ, ಶಿಡ್ಲಘಟ್ಟದ ರೇಷ್ಮೆ, ಚಳಿಗಾಲದ ಅವರೆಕಾಳು ಸಾರು, ಬಿಸಿ ರಾಗಿ ಮುದ್ದೆ ಅಲ್ಲಿ ಇಲ್ಲಿನಷ್ಟು ಚೆನ್ನಾಗಿ ಸಿಗಲ್ಲ. ಮನೆ ನೋಡಿ ಬಂದ ಪ್ರವಾಸಿ ಕೈಯಲ್ಲಿ ಹಿಡಿದುಕೊಂಡು ಹೋಗುವ ವಸ್ತು ಇದೇ ನೆಲದ್ದಾದರೆ ಆ ದುಡ್ಡು ರೈತನ ಮನೆವರೆಗೆ ತಲುಪುತ್ತದೆ.

ರೋಪ್‌ವೇ ಕಂಬಗಳು ಏಳಲು ಎಷ್ಟು ಕಾಲ ಬೇಕೋ, ಅಷ್ಟರೊಳಗೆ ಒಂದು ಹಳೇ ಮನೆಯ ಗೋಡೆಗೆ ಸುಣ್ಣ ಬಳಿದು, ನಾಲ್ಕು ಕೋಣೆಗಳಲ್ಲಿ ನಾಲ್ಕು ಕಥೆ ಬರೆದು ಹಾಕಬಹುದು. ಅದಕ್ಕೆ ನೂರಾರು ಕೋಟಿ ಬೇಡ. ಬೇಕಾಗಿರುವುದು ಒಂದು ಆದೇಶ, ಒಬ್ಬ ಹೊಣೆಗಾರ ಅಧಿಕಾರಿ, ಮತ್ತು ಅದನ್ನು ಬಿಡದೆ ಕೇಳುವ ಊರಿನ ಜನ. ಮುಂದಿನ ಗ್ರಾಮಸಭೆಯ ಅಜೆಂಡಾದಲ್ಲಿ ಈ ವಿಷಯ ಇರುತ್ತಾ ಇಲ್ವಾ ಅನ್ನುವುದರಿಂದಲೇ ಊರಿಗೆ ಇದು ಎಷ್ಟು ಬೇಕಾಗಿದೆ ಅಂತ ಗೊತ್ತಾಗುತ್ತದೆ.